ಅಪ್ಪನ ಮೂಗಿನಲ್ಲಿ ಐವತ್ತು ಗ್ರಾಂ

ಚೀಟಿಯಣ್ಣನನ್ನು ಸುಳ್ಳುಗಾರ ಎಂದರೆ ತಪ್ಪಾಗುತ್ತದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಇದ್ದ ನಿಜಕ್ಕೆ ಒಂದಿಷ್ಟು ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದ, ಅಷ್ಟೇ. ನೂಲಿನ ಗಿರಣಿಯ ಮಾದರಿ ಕೋಣೆಯಲ್ಲಿ ಅವನಿಗೆ ಹದಿನಾಲ್ಕು ವರ್ಷದಿಂದ ಒಂದೇ ಕೆಲಸ. ಹೊರಗಿನಿಂದ ಬಂದ ಹತ್ತಿಯ ಪೊಟ್ಟಣಗಳಿಗೆ ಗೋಂದು ಹಚ್ಚಿ ಚೀಟಿ ಅಂಟಿಸುವುದು, ಬೀರುವಿನಲ್ಲಿಟ್ಟು ಬೀಗ ಹಾಕುವುದು. ಹತ್ತಿಯನ್ನು ಚಿಟಿಕೆಯಲ್ಲಿ ಹಿಡಿದು, ಎರಡು ಹೆಬ್ಬೆರಳುಗಳ ನಡುವೆ ಎಳೆದೆಳೆದು ಜೋಡಿಸಿ, ಕರಿ ಮಖಮಲ್ಲಿನ ಹಲಗೆಯ ಮೇಲೆ ಮಲಗಿಸಿ, ಉದ್ದ ಅಳೆದು ಅದರ ಜಾತಕ ಹೇಳುವವರು ಬೇರೆ ಇದ್ದರು. ಅವರನ್ನು ಎಲ್ಲರೂ ಹತ್ತಿ ಮೇಷ್ಟ್ರು ಎನ್ನುತ್ತಿದ್ದರು. ಬೀದಿಯಲ್ಲಿ ಮಾತ್ರ ಚೀಟಿಯಣ್ಣ ಹೇಳುತ್ತಿದ್ದದ್ದು ಹೀಗೆ: "ಮಾದರಿ ಕೋಣೆ ಪೂರ್ತಿ ನನ್ನ ಕೈಲಿದೆ. ಮೇಷ್ಟ್ರು ಸಹಿ ಹಾಕ್ತಾರೆ." ಬೀಗದ ಕೈ ಅವನ ಹತ್ತಿರವೇ ಇದ್ದುದರಿಂದ ಇದನ್ನು ಪೂರ್ತಿ ಸುಳ್ಳು ಎನ್ನಲೂ ಬರುವಂತಿರಲಿಲ್ಲ.

ಹತ್ತಿಯ ಜೊತೆ ನಿಜವಾಗಿ ಬಾಳಿದವರು ಅವನ ಅಪ್ಪ. ಅದೇ ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ ನಲವತ್ತು ವರ್ಷ ಯಂತ್ರ ನಡೆಸಿದವರು. ಹತ್ತಿಯನ್ನು ಹಿಂಜುವ ಖಾತೆ ಅದು. ಉದ್ದದ ಎಳೆ ಯಂತ್ರದಲ್ಲಿ ಮುಂದಕ್ಕೆ ಹೋಗುತ್ತದೆ, ತುಂಡು ಎಳೆ ಗಾಳಿಗೆ ಹಾರುತ್ತದೆ, ಆ ಗಾಳಿ ಅಲ್ಲಿ ನಿಂತವರ ಒಳಗೆ ಹೋಗುತ್ತದೆ. ಬೆಳಿಗ್ಗೆ ಕರಿ ತಲೆಯಲ್ಲಿ ಹೋದ ಅಪ್ಪ ಸಂಜೆ ಬಿಳಿ ತಲೆಯಲ್ಲಿ ಬರುತ್ತಿದ್ದರು. ನಿವೃತ್ತಿಯಾಗುವ ಹೊತ್ತಿಗೆ ತಲೆ ತಾನಾಗಿಯೇ ಬೆಳ್ಳಗಾಗಿತ್ತು, ಎದೆ ಕೆಟ್ಟು ಹೋಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ಕೂರಬೇಕು, ಒಂದು ಮಾತಾಡಿದರೆ ಇನ್ನೊಂದಕ್ಕೆ ಉಸಿರು ಬರುವ ತನಕ ಕಾಯಬೇಕು. ಗಿರಣಿಯ ಡಾಕ್ಟರು ಪ್ರತಿ ಸಲವೂ ಅವರ ಕಾಗದದಲ್ಲಿ ಬರೆಯುತ್ತಿದ್ದದ್ದು ಒಂದೇ ಸಾಲು. ಧೂಮಪಾನದ ಚಟದಿಂದ ಬಂದ ಕೆಮ್ಮು. ಆ ಖಾತೆಯ ಎಲ್ಲರಿಗೂ ಅವರು ಅದನ್ನೇ ಬರೆಯುತ್ತಿದ್ದರು. ಆ ಕಾಗದಗಳನ್ನು ನಂಬುವುದಾದರೆ, ಪ್ರಪಂಚದ ಸಿಗರೇಟು ಕಂಪನಿಗಳೆಲ್ಲ ನಡೆಯುತ್ತಿದ್ದದ್ದು ನಮ್ಮ ಕಾರ್ಡಿಂಗ್ ಖಾತೆಯ ಕೃಪೆಯಿಂದ.

ಅಪ್ಪ ಜೀವಮಾನದಲ್ಲಿ ಒಂದು ಸಿಗರೇಟು ಮುಟ್ಟಿದವರಲ್ಲ. ಅಮ್ಮನಿಗೆ ಇದೇ ಕೊರಗು. ರೋಗ ಬಂತು, ಬರಲಿ. ಸಾವು ಬರುತ್ತದೆ, ಅದೂ ಬರಲಿ. ಆದರೆ ಚಟ ಮಾಡಿ ಸತ್ತ ಎಂದು ಕಾಗದದಲ್ಲಿ ಉಳಿಯಬಾರದು. ಮೂರು ಸಲ ಅವಳು ಗಿರಣಿಯ ಡಾಕ್ಟರ ಮುಂದೆ ಹೋಗಿ ನಿಂತಿದ್ದಳು.

"ಎಕ್ಸ್‌ರೇಯಲ್ಲಿ ಏನೋ ಬೆಳ್ಳಗೆ ಕಾಣುತ್ತಮ್ಮ. ಅದು ಹೊಗೆಯೋ ಹತ್ತಿಯೋ ಅಂತ ಎಕ್ಸ್‌ರೇ ಬಾಯಿ ಬಿಟ್ಟು ಹೇಳಲ್ಲ," ಎಂದಿದ್ದರು ಅವರು. "ತೆರೆದು ನೋಡಿದ್ರೆ ಗೊತ್ತಾಗುತ್ತೆ. ಬದುಕಿರೋರನ್ನ ಹಾಗೆ ತೆರೆಯೋಕಾಗಲ್ಲ. ಸತ್ತೋರನ್ನ ಪೊಲೀಸರು ಹೇಳದೆ ಯಾರೂ ತೆರೆಯಲ್ಲ."

ಅಮ್ಮ ಈ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದಿದ್ದಳು.

ಹೀಗಿರುವಾಗ ಗಿರಣಿಗೆ ಆ ಹತ್ತಿ ಬಂತು. ಬೆಲೆಬಾಳುವ ಶರ್ಟುಗಳನ್ನು ಹೊಲಿಸುವ ಒಂದು ದೊಡ್ಡ ಕಂಪನಿಗೆ ನೂಲು ಮಾರಬೇಕೆಂಬುದು ಮ್ಯಾನೇಜರರ ಆಸೆ. ಆ ಕಂಪನಿಯ ಪ್ರತಿನಿಧಿ ಬುಧವಾರ ಬರುವವನಿದ್ದ. ಅವನಿಗೆ ತೋರಿಸಲಿಕ್ಕೆ ಎಲ್ಲಿಯದೋ ದ್ವೀಪದಲ್ಲಿ ಕೈಯಿಂದಲೇ ಬಿಡಿಸಿದ ಹತ್ತಿ ಐವತ್ತು ಗ್ರಾಂ, ನೀಲಿ ಕಾಗದದಲ್ಲಿ ಸುತ್ತಿಕೊಂಡು, ಮೂರು ಮುದ್ರೆ ಒತ್ತಿಸಿಕೊಂಡು, ಹೊಸ ಮದುಮಗಳ ಹಾಗೆ ಬಂದಿಳಿಯಿತು.

ಹತ್ತಿ ಮೇಷ್ಟ್ರು ವರ್ಷಕ್ಕೆ ನಾಲ್ಕು ವಾಕ್ಯ ಮಾತಾಡುವ ಮನುಷ್ಯ. ಅವತ್ತು ಎರಡು ವರ್ಷದ್ದನ್ನು ಒಟ್ಟಿಗೇ ಆಡಿದರು.

"ಬಿಳಿ ಅಲ್ಲ, ನೋಡು. ಕೆನೆ ಬಣ್ಣ. ಹೊಳಪು ನೋಡು, ರೇಷ್ಮೆ ಪಕ್ಕದಲ್ಲಿಟ್ಟರೆ ರೇಷ್ಮೆಗೇ ಅವಮಾನ. ನಮ್ಮ ಹತ್ತಿ ಮುಕ್ಕಾಲು ಅಂಗುಲ ಬಂದ್ರೆ ನಾವು ಖುಷಿ ಪಡ್ತೀವಿ. ಇದು ಎರಡು ಅಂಗುಲ. ಎಳೆ ಎಷ್ಟು ಸಣ್ಣ, ಆದ್ರೂ ಎಷ್ಟು ಗಟ್ಟಿ. ಇದರಲ್ಲಿ ತುಂಡು ಎಳೆ ಅನ್ನೋದೇ ಇಲ್ಲ. ತುಂಡು ಇಲ್ಲದ ಹತ್ತಿ ಹಾರಲ್ಲ." ಆಮೇಲೆ ತಮ್ಮ ಮಾತಿಗೆ ತಾವೇ ನಾಚಿಕೊಂಡು, "ಚೀಟಿ ಅಂಟಿಸಿ ಒಳಗಿಡು," ಎಂದರು.

ಚೀಟಿಯಣ್ಣ ಮನೆಗೆ ಬಂದು ಈ ವರದಿಯನ್ನು ಮೇಷ್ಟ್ರ ಹೆಸರು ತೆಗೆದು ತನ್ನ ಹೆಸರಲ್ಲಿ ಒಪ್ಪಿಸಿದ. ಹಾಸಿಗೆಯಲ್ಲಿ ಒರಗಿ ಕೂತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡು, ಕೊನೆಯ ಮಾತನ್ನು ಮಾತ್ರ ಹಿಡಿದರು.

"ಹಾರಲ್ವಾ?"

"ಹಾರಲ್ಲ ಅಪ್ಪ."

"ತಂದು... ತೋರಿಸು."

ಅಪ್ಪ ಮಗನನ್ನು ಏನಾದರೂ ಕೇಳಿ ವರ್ಷಗಳೇ ಆಗಿದ್ದವು. ಶನಿವಾರ ಮಧ್ಯಾಹ್ನ ಮೇಷ್ಟ್ರು ಹೊರಟ ಮೇಲೆ ಚೀಟಿಯಣ್ಣ ನೀಲಿ ಪೊಟ್ಟಣವನ್ನು ಊಟದ ಡಬ್ಬಿಯಲ್ಲಿಟ್ಟು ಗೇಟು ದಾಟಿದ. ಸೋಮವಾರ ಬೆಳಿಗ್ಗೆ ಏಳಕ್ಕೆ, ಯಾರೂ ಬರುವ ಮುಂಚೆ, ಮತ್ತೆ ಬೀರುವಿಗೆ ಸೇರಿಸುವುದು ಎಂಬುದು ಲೆಕ್ಕಾಚಾರ. ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ, ಹಾಕಿದವನಲ್ಲಿ ಇತ್ತು.

ಭಾನುವಾರ ಬೆಳಿಗ್ಗೆ ಅಪ್ಪ ಕಣ್ಣು ಮುಚ್ಚಿಕೊಂಡು ಒಂದು ಚಿಟಿಕೆ ಹತ್ತಿಯನ್ನು ಎಳೆದರು. ಮತ್ತೆ ಜೋಡಿಸಿ ಎಳೆದರು. ಗಾಳಿಗೆ ಒಂದು ಕೂದಲಷ್ಟೂ ಏಳಲಿಲ್ಲ. "ಇದನ್ನ ಹಿಂಜೋ ಹಾಗಿದ್ರೆ," ಎಂದು ಉಸಿರಿಗೆ ಕಾದು, "ಹೋದ ತಲೆಯಲ್ಲೇ ವಾಪಸು ಬರಬಹುದಿತ್ತು," ಎಂದು ಮುಗಿಸಿದರು. ಅವರ ಮುಖದಲ್ಲಿ ನಗುವಿನಂಥದ್ದೇನೋ ಇತ್ತು. ಅಷ್ಟಕ್ಕೇ ಪೊಟ್ಟಣ ಕಟ್ಟಿ ಮೇಲಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ, ಚೀಟಿಯಣ್ಣನ ಕೆಲಸ ಇರುತ್ತಿತ್ತು.

ಎದುರುಮನೆಯ ದೊಡ್ಡಪ್ಪ ನೋಡಲು ಬಂದರು. ಅಪ್ಪನ ಜೊತೆ ಪಕ್ಕದ ಯಂತ್ರದಲ್ಲಿ ನಿಂತು ದುಡಿದವರು, ಅದೇ ಕೆಮ್ಮಿನವರು. ಮುಟ್ಟಿ ನೋಡಿ ವಾಪಸು ಕೊಟ್ಟು ಹೋದರು. ಅವರು ಬೀದಿಗೆ ಹೇಳಿದರು. ಆಮೇಲೆ ದರ್ಜಿ ಬಂದ, ಕ್ಷೌರಿಕ ಬಂದ, ಹಾಲಿನವಳು ಬಂದಳು, ಬಾಡಿಗೆಗೆ ಮನೆ ಕೇಳಲು ಬಂದಿದ್ದ ಯಾರೋ ಇಬ್ಬರೂ ಬಂದರು. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಸಾಲು. ಚೀಟಿಯಣ್ಣ ಕುರ್ಚಿ ಹಾಕಿಕೊಂಡು ಉಪನ್ಯಾಸಕ್ಕೆ ಕೂತ.

"ಮ್ಯಾನೇಜರೇ ತಂದು ನನ್ನ ಕೈಲಿಟ್ರು. ‘ನಿನ್ನ ಬೆರಳು ಏನು ಹೇಳುತ್ತೋ ಅದೇ ಕೊನೆ’ ಅಂದ್ರು. ಕಣ್ಣು ಮುಚ್ಚಿ ಮುಟ್ಟಿ ನೋಡಿ. ಮುಟ್ಟಿದ್ದೀವಿ ಅನ್ನಿಸುತ್ತಾ? ಅನ್ನಿಸಲ್ಲ. ಅದೇ ಇದರ ಗುಣ."

ಎಲ್ಲರೂ ಮುಟ್ಟಿ ನೋಡಿದರು. ಮುಟ್ಟಲು ತೆಗೆದುಕೊಂಡ ಚಿಟಿಕೆ ಮಾತ್ರ ವಾಪಸು ಬರಲಿಲ್ಲ. ದರ್ಜಿ ಎಳೆಯ ಗಟ್ಟಿತನ ಪರೀಕ್ಷಿಸುತ್ತೇನೆಂದು ಒಂದು ಹಿಡಿ ಜೇಬಿಗಿಳಿಸಿದ. ಕ್ಷೌರಿಕ ಹೆಂಡತಿಗೆ ತೋರಿಸಿ ತರುತ್ತೇನೆಂದು ಒಯ್ದ. ಹಾಲಿನವಳು ಕೇಳಲೂ ಇಲ್ಲ. ಸಂಜೆ ಚೀಟಿಯಣ್ಣ ಪೊಟ್ಟಣ ಎತ್ತಿದಾಗ ಕಾಗದವೇ ಭಾರವಾಗಿತ್ತು. ಸೋಮವಾರ ಗೋದಾಮಿನಿಂದ ಒಂದಿಷ್ಟು ನಮ್ಮ ಹತ್ತಿ ಸೇರಿಸಿ ತೂಕ ತುಂಬಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸೋಮವಾರ ಬೆಳಿಗ್ಗೆ ಏಳಕ್ಕೆ ಗಿರಣಿಯ ಸೈರನ್ ಕೂಗುತ್ತಿರುವಾಗ ಅಪ್ಪ ತೀರಿಕೊಂಡರು.

ಚೀಟಿಯಣ್ಣ ಗಾಡಿಗೆ ಹೇಳಿ ಬರಲು ಓಡಿದ. ಮನೆಯಲ್ಲಿ ಉಳಿದದ್ದು ಅಮ್ಮ ಮತ್ತು ಸೋದರತ್ತೆ. ಸೋದರತ್ತೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಸತ್ತವರಿಗೆ ಏನೇನು ಮಾಡಬೇಕೆಂದು ಬದುಕಿದವರಿಗೆ ಹೇಳಿಕೊಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. "ಹತ್ತಿ ಎಲ್ಲಿ?" ಎಂದಳು. ನಲವತ್ತು ವರ್ಷ ದಿನಾ ಹುಬ್ಬಿನಲ್ಲಿ, ಕಿವಿಯಲ್ಲಿ, ಅಂಗಿಯ ಮಡಿಕೆಯಲ್ಲಿ ಹತ್ತಿ ಬಂದ ಆ ಮನೆಯಲ್ಲಿ ಬೇಕೆಂದಾಗ ಒಂದು ತುಣುಕು ಹತ್ತಿ ಇರಲಿಲ್ಲ. ಸೋದರತ್ತೆ ಕಪಾಟು ಹುಡುಕಿದಳು. ನೀಲಿ ಕಾಗದ ಬಿಚ್ಚಿದಳು. ಮೂಗಿನ ಎರಡು ಹೊಳ್ಳೆಗೆ, ಎರಡು ಕಿವಿಗೆ ಅಚ್ಚುಕಟ್ಟಾಗಿ ಇಟ್ಟು, "ಎಷ್ಟು ಮೆತ್ತಗಿದೆ ಅತ್ತಿಗೆ, ಅಣ್ಣ ಪುಣ್ಯ ಮಾಡಿದ್ದ," ಎಂದು ಕಣ್ಣೊರೆಸಿಕೊಂಡಳು.

ಚೀಟಿಯಣ್ಣ ವಾಪಸು ಬಂದು ಅಪ್ಪನ ಮುಖ ನೋಡಿದವನೇ ಬೀದಿ ಕಿತ್ತುಹೋಗುವ ಹಾಗೆ ಅತ್ತ. ಅಪ್ಪನ ಮೇಲೆ ಎಷ್ಟು ಪ್ರೀತಿ ಎಂದು ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅದರಲ್ಲಿ ಅರ್ಧ ಅಳು ನಿಜವಾಗಿಯೂ ಅಪ್ಪನಿಗೇ ಸೇರಿದ್ದು.

ಒಂಬತ್ತು ಗಂಟೆಗೆ ಗಿರಣಿಯ ಕಾರು ಬಂತು. ಬೀರುವಿನ ಬೀಗದ ಕೈ ಕೇಳಲು ಮ್ಯಾನೇಜರ್ ಮತ್ತು ಮೇಷ್ಟ್ರು ಬಂದಿದ್ದರು. ಸಾವಿನ ಮನೆ ಎಂದು ಗೊತ್ತಾಗಿ ಮ್ಯಾನೇಜರ್ ಟೋಪಿ ತೆಗೆದು, ಒಂದು ನಿಮಿಷ ಮುಖ ಸಪ್ಪಗೆ ಮಾಡಿ ನಿಂತರು. ಮೇಷ್ಟ್ರು ತಲೆಯ ಹತ್ತಿರ ನಿಂತಿದ್ದರು. ಆಯಸ್ಸೆಲ್ಲ ಹತ್ತಿ ನೋಡಿದ ಕಣ್ಣು, ಸತ್ತವರ ಮುಖ ಬಿಟ್ಟು ಮೂಗಿಗೆ ಹೋಯಿತು. ಪಾಪ, ಬೇಕೆಂದು ಮಾಡಿದ್ದಲ್ಲ. ಕೈ ತಾನಾಗಿಯೇ ಮುಂದೆ ಹೋಗಿ, ಹೊಳ್ಳೆಯಿಂದ ಇಣುಕುತ್ತಿದ್ದ ನಾಲ್ಕು ಎಳೆ ಕಿತ್ತು, ಎರಡು ಹೆಬ್ಬೆರಳ ನಡುವೆ ಎಳೆದು ನೋಡಿತು.

"ಎರಡು ಅಂಗುಲ," ಎಂದು ಬಾಯಿ ಜಾರಿಬಿಟ್ಟಿತು.

ಆಮೇಲಿನ ಗಲಾಟೆಯನ್ನು ವಿವರಿಸುವುದು ಸತ್ತವರಿಗೆ ಮಾಡುವ ಅವಮಾನ. ಇಷ್ಟು ಹೇಳಿದರೆ ಸಾಕು, ಹತ್ತು ನಿಮಿಷದಲ್ಲಿ ಆ ಹತ್ತಿ ಹೊರಗೆ ಬಂದು, ದಿನಸಿ ಅಂಗಡಿಯ ತಕ್ಕಡಿಯಲ್ಲಿ ಕೂತಿತ್ತು. ಒಂಬತ್ತು ಗ್ರಾಂ.

"ಮಿಕ್ಕ ನಲವತ್ತೊಂದು ಎಲ್ಲಿ?" ಎಂದರು ಮ್ಯಾನೇಜರ್.

ಚೀಟಿಯಣ್ಣ ಬಾಗಿಲ ಕಡೆ ನೋಡಿದ. ದರ್ಜಿ, ಕ್ಷೌರಿಕ, ಹಾಲಿನವಳು, ಎಲ್ಲರೂ ಇದ್ದರು. ನಿಜ ಹೇಳಬೇಕೆಂದರೆ, ಮ್ಯಾನೇಜರೇ ತನ್ನ ಕೈಲಿ ಕೊಟ್ಟದ್ದು ಎಂದು ನಿನ್ನೆ ಹೇಳಿದ್ದು ಸುಳ್ಳೆಂದು ಇವತ್ತು ಮ್ಯಾನೇಜರರ ಎದುರಿಗೇ ಒಪ್ಪಿಕೊಳ್ಳಬೇಕು. ಅಪ್ಪನ ಹೆಣದ ಮುಂದೆ ಹದಿನಾಲ್ಕು ವರ್ಷದ ಮಾನ ಹೋಗುತ್ತದೆ. ಮಾನದ ಮುಂದೆ ಬುದ್ಧಿ ಯಾವತ್ತೂ ಗೆದ್ದದ್ದಿಲ್ಲ.

"ಎಲ್ಲಾ ಒಳಗೇ ಇದೆ ಸಾರ್."

"ಯಾವುದರ ಒಳಗೆ?"

"ಅಪ್ಪನ ಒಳಗೆ."

ಮ್ಯಾನೇಜರ್ ಪೊಲೀಸರಿಗೆ ಫೋನು ಮಾಡಿದರು. ಜೀಪಿನ ಸದ್ದು ಕೇಳಿದ್ದೇ ತಡ, ಬೀದಿಯ ಅರ್ಧ ಜನ ಮನೆಯೊಳಗೆ ಓಡಿದರು. ಪ್ರಪಂಚದಲ್ಲೇ ಅಪರೂಪದ ಹತ್ತಿ ಅವತ್ತು ಏಳೆಂಟು ಒಲೆಗಳಲ್ಲಿ ಉರಿದು, ಎರಡು ಮೂರು ಚರಂಡಿಗಳಲ್ಲಿ ಹರಿದು ಹೋಯಿತು. ಆಮೇಲೆ ಎಲ್ಲರೂ ಕೈ ತೊಳೆದುಕೊಂಡು ವಾಪಸು ಬಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನೇ ಅಂತ ಗಾದೆ. ಆ ಬೀದಿಯಲ್ಲಿ ಹೆಗಲುಗಳೇ ಸಾಲಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಕಾಗದ ಪೆನ್ನು ತೆಗೆದು, "ಹತ್ತಿ ಇಡೋದನ್ನ ನೋಡಿದೋರು ಯಾರು?" ಎಂದರು.

"ನಾನು ಕಣ್ಣಾರೆ ನೋಡಿದೆ ಸಾರ್," ಎಂದ ದರ್ಜಿ. "ತುರುಕಿದ್ದೇ ತುರುಕಿದ್ದು. ದಿಂಬಿಗೆ ತುಂಬೋ ಹಾಗೆ."

"ಬಲಗಡೆ ಇಪ್ಪತ್ತು ಗ್ರಾಂ, ಎಡಗಡೆ ಇಪ್ಪತ್ತು," ಎಂದ ಕ್ಷೌರಿಕ. "ಮುಖದ ಅಳತೆ ನನಗೆ ಗೊತ್ತಿರುತ್ತೆ ಸಾರ್. ಅವರದ್ದು ಮೊದಲಿಂದಲೂ ದೊಡ್ಡ ಮೂಗು."

"ಬಾಯಿಗೂ ಹಾಕಿದ್ರು," ಎಂದಳು ಹಾಲಿನವಳು, ತಾನೊಬ್ಬಳೇ ಹಿಂದೆ ಬೀಳಬಾರದೆಂದು.

ಸೋದರತ್ತೆಗೆ ಪಿತ್ತ ನೆತ್ತಿಗೇರಿತು. "ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಸವೆಸಿದ್ದೀನಿ ಕಣ್ರೀ. ಯಾವ ಮೂಗಿಗೆ ಎಷ್ಟು ಹಿಡಿಯುತ್ತೆ ಅಂತ ನನಗೆ ಹೇಳಿಕೊಡ್ತೀರಾ? ನಲವತ್ತು ಗ್ರಾಂ ಹಿಡಿಯೋಕೆ ಅದು ನಮ್ಮಣ್ಣನ ಮೂಗು, ಗೋಣಿಚೀಲ ಅಲ್ಲ."

ಆದರೆ ಒಬ್ಬಳ ಮಾತಿಗೆ ಹದಿನಾರು ಸಾಕ್ಷಿ ಎದುರಾಗಿದ್ದವು. ಸಬ್ ಇನ್ಸ್‌ಪೆಕ್ಟರ್ ಪೆನ್ನಿನ ತುದಿ ಕಚ್ಚಿದರು. "ಸತ್ತ ಮೇಲೆ ಅಷ್ಟು ಒಳಗೆ ಹೋಗೋಕೆ ಸಾಧ್ಯ ಇಲ್ಲ. ಸತ್ತೋರು ಉಸಿರು ಎಳ್ಕೊಳ್ಳಲ್ಲ."

"ಹಾಗಾದ್ರೆ ಸಾಯೋ ಮೊದಲೇ ನುಂಗಿಸಿದ್ದಾರೆ," ಎಂದರು ಮ್ಯಾನೇಜರ್. "ಬಚ್ಚಿಡೋಕೆ. ಅದರಿಂದಲೇ ಸತ್ತಿರಬಹುದು. ತೆರೆಸಿ ನೋಡಿ ಇನ್ಸ್‌ಪೆಕ್ಟ್ರೇ. ಬುಧವಾರ ನಮಗೆ ಆ ಹತ್ತಿ ಬೇಕು. ನಾನು ಬರವಣಿಗೆಯಲ್ಲಿ ಕೊಡ್ತೀನಿ."

ಸಬ್ ಇನ್ಸ್‌ಪೆಕ್ಟರರ ಮುಖ ಅರಳಿತು. ಬೆಳಿಗ್ಗೆ ಹತ್ತಿಯ ಕಳ್ಳತನ ಎಂದು ಹೊರಟವರಿಗೆ ಅನುಮಾನಾಸ್ಪದ ಸಾವು ಸಿಕ್ಕಿತ್ತು. ಮೇಷ್ಟ್ರು ಮೂಲೆಯಿಂದ, "ಬೇಡ ಸಾರ್, ಬಿಡಿ ಸಾರ್," ಎಂದು ಎರಡು ಸಲ ಹೇಳಿದರು. ಅವರ ಮಾತು ಹತ್ತಿಯ ವಿಷಯ ಬಿಟ್ಟು ಬೇರೆ ಯಾವುದರಲ್ಲೂ ನಡೆಯುತ್ತಿರಲಿಲ್ಲ.

ಚೀಟಿಯಣ್ಣನಿಗೆ ಈಗ ನೆಲ ಕಂಡಿತು. ಅಪ್ಪನನ್ನು ಮೇಜಿನ ಮೇಲೆ ಮಲಗಿಸಿ ಕುಯ್ಯುತ್ತಾರೆ, ಅದೂ ತನ್ನ ಒಂದು ಮಾತಿನಿಂದ. ಅವನು ದಡಕ್ಕನೆ ಮ್ಯಾನೇಜರರ ಕಾಲಿಗೆ ಬಿದ್ದ. "ಬೇಡ ಸಾರ್. ನಿಜ ಹೇಳಿಬಿಡ್ತೀನಿ. ಒಳಗೆ ಏನೂ ಇಲ್ಲ. ನಿನ್ನೆ ನಾನೇ ಈ ಬೀದಿಯೋರಿಗೆಲ್ಲ..."

"ಬಾಯಿ ಮುಚ್ಚೋ."

ಅಮ್ಮ. ಬೆಳಿಗ್ಗೆಯಿಂದ ಗೋಡೆಗೆ ಒರಗಿ ಕೂತಿದ್ದವಳು ಎದ್ದು ನಿಂತಿದ್ದಳು.

"ಇವನು ದುಃಖದಲ್ಲಿ ಏನೋ ಬಡಬಡಿಸ್ತಿದ್ದಾನೆ. ಮೊದಲು ಹೇಳಿದ್ದೇ ಸರಿ," ಎಂದಳು. "ಎಲ್ಲಾ ಒಳಗೇ ಇದೆ. ತೆರೆದು ನೋಡಿ. ಆದ್ರೆ ಗಿರಣಿ ಡಾಕ್ಟ್ರು ಬೇಡ, ಅವರಿಗೆ ಹೊಗೆ ಬಿಟ್ರೆ ಬೇರೇನೂ ಕಾಣಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನೋಡಲಿ. ಸಾಹೇಬ್ರು ಬರವಣಿಗೆಯಲ್ಲಿ ಕೊಡ್ತೀನಿ ಅಂದ್ರಲ್ಲ, ಈಗಲೇ ಕೊಡಲಿ."

ಸೋದರತ್ತೆ ತಲೆ ಚಚ್ಚಿಕೊಂಡಳು. ಕಟ್ಟಿಕೊಂಡವಳೇ ಗಂಡನನ್ನು ಕುಯ್ಯಿ ಎನ್ನುವುದನ್ನು ಆ ಬೀದಿ ಕೇಳಿರಲಿಲ್ಲ. ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದು ಕೆಲವರು, ಮೊದಲಿಂದಲೂ ಗಟ್ಟಿಗಿತ್ತಿ ಎಂದು ಕೆಲವರು ಮಾತಾಡಿಕೊಂಡರು. ಮ್ಯಾನೇಜರ್ ಮಾತ್ರ ಬಹಳ ತಿಳಿವಳಿಕೆಯ ಹೆಂಗಸು ಎಂದು ಹೊಗಳಿ, ದರ್ಜಿಯ ಬೆನ್ನ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

ಸರ್ಕಾರಿ ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಉದ್ದ ಬೆಂಚು. ಗೋಡೆಗೆ ಮನುಷ್ಯರ ತಲೆ ಒರಗಿ ಒರಗಿ ಎಣ್ಣೆಯ ಕಲೆ ಸಾಲಾಗಿ ಬಿದ್ದಿತ್ತು. ಚೀಟಿಯಣ್ಣ ಒಂದು ಕಲೆಯ ಕೆಳಗೆ ಕೂತ, ಅಮ್ಮ ಇನ್ನೊಂದರ ಕೆಳಗೆ. ಬಾಗಿಲ ಆಚೆಯಿಂದ ನಲ್ಲಿಯ ನೀರಿನ ಸದ್ದು, ತಟ್ಟೆಯ ಮೇಲೆ ಲೋಹ ಇಟ್ಟ ಸದ್ದು ಬರುತ್ತಿತ್ತು. ಪ್ರತಿ ಸದ್ದಿಗೂ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಜೀವವಿದ್ದಾಗ ಒಂದು ಇಂಜೆಕ್ಷನ್ನಿಗೂ ಮುಖ ತಿರುಗಿಸುತ್ತಿದ್ದ ಅಪ್ಪ.

"ಯಾಕಮ್ಮ ಹಾಗಂದೆ?" ಎಂದು ಕೇಳಿದ.

"ಪೊಲೀಸರು ಹೇಳದೆ ತೆರೆಯಲ್ಲ ಅಂದಿದ್ರು," ಎಂದಳು ಅಮ್ಮ. "ಪೊಲೀಸರು ಇನ್ಯಾಕೆ ಹೇಳ್ತಾರೆ, ನಮ್ಮಂಥೋರಿಗೆ?"

ಮಧ್ಯಾಹ್ನ ಕಳೆದ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. ದಪ್ಪ ಕನ್ನಡಕದ, ನಿದ್ದೆಗೆಟ್ಟ ಹೆಂಗಸು. "ಗಂಟಲಲ್ಲಿ ಏನೂ ಇಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲ," ಎಂದರು.

"ಶ್ವಾಸಕೋಶ?" ಎಂದರು ಮ್ಯಾನೇಜರ್.

"ಅಲ್ಲಿದೆ. ಹತ್ತಿ."

"ನಾನು ಹೇಳಲಿಲ್ವಾ. ಬರ್ಕೊಳ್ಳಿ ಇನ್ಸ್‌ಪೆಕ್ಟ್ರೇ, ಬರ್ಕೊಳ್ಳಿ." ಮ್ಯಾನೇಜರರ ದನಿಯಲ್ಲಿ ಕಳೆದ ಮಗು ಸಿಕ್ಕಿದ ಸಂತೋಷವಿತ್ತು. "ಅದು ನಮ್ಮ ಗಿರಣಿಯ ಸ್ವತ್ತು."

"ಕಣ್ಣಿಗೆ ಕಾಣೋ ಹಾಗಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಬೇಕು," ಎಂದರು ಡಾಕ್ಟರಮ್ಮ. "ನಿಮ್ಮದೇ ಅಂತ ಗುರುತು ಹಿಡಿಯೋರು ಯಾರಾದ್ರೂ ಇದ್ದಾರಾ?"

"ನಮ್ಮ ಮೇಷ್ಟ್ರಿದ್ದಾರೆ. ಹತ್ತಿ ವಿಷಯದಲ್ಲಿ ಅವರು ಹೇಳಿದ್ದೇ ಕಟ್ಟಕಡೆ. ಮೂವತ್ತು ವರ್ಷದಿಂದ ನಾವು ಎರಡನೇ ಮಾತು ಕೇಳಿಲ್ಲ. ಇದನ್ನೂ ಬರ್ಕೊಳ್ಳಿ."

ಸಬ್ ಇನ್ಸ್‌ಪೆಕ್ಟರ್ ಅದನ್ನೂ ಬರೆದುಕೊಂಡರು.

ಮೇಷ್ಟ್ರು ಬಗ್ಗಿ ಮಸೂರದಲ್ಲಿ ಕಣ್ಣಿಟ್ಟರು. ಬಹಳ ಹೊತ್ತು ಹಾಗೇ ಇದ್ದರು. ಎಳೆದು ನೋಡಲು ಕೈಗೆ ಏನೂ ಸಿಗದೆ ಹೆಬ್ಬೆರಳುಗಳು ಗಾಳಿಯಲ್ಲೇ ಒಂದನ್ನೊಂದು ಉಜ್ಜುತ್ತಿದ್ದವು.

"ನಮ್ಮ ಗಿರಣಿಯದೇ," ಎಂದರು ಕೊನೆಗೆ.

"ಕೇಳಿದ್ರಲ್ಲ," ಎಂದರು ಮ್ಯಾನೇಜರ್.

"ಆದ್ರೆ ಆ ನೀಲಿ ಕಾಗದದ್ದಲ್ಲ ಸಾರ್. ಇದು ತುಂಡು. ಒರಟು. ಜೊತೆಗೆ ಎಲೆ ಪುಡಿ, ಬೀಜದ ಸಿಪ್ಪೆ ಇದೆ. ನಮ್ಮ ಕಾರ್ಡಿಂಗ್ ಖಾತೆಯಲ್ಲಿ ಹಾರೋ ಹತ್ತಿ ಇದು. ಹತ್ತು ವರ್ಷದ ಹಿಂದಿನದ್ದೂ ಇದೆ, ಇಪ್ಪತ್ತು ವರ್ಷದ ಹಿಂದಿನದ್ದೂ ಇದೆ."

ಮ್ಯಾನೇಜರ್ ಮೇಷ್ಟ್ರ ತೋಳು ಹಿಡಿದು ಮೆಲ್ಲಗೆ, "ಇನ್ನೊಂದು ಸಲ ಸರಿಯಾಗಿ ನೋಡಿ. ನಿಮಗೂ ಸಂಸಾರ ಇದೆ," ಎಂದರು.

ಮೇಷ್ಟ್ರು ಇನ್ನೊಂದು ಸಲ ಬಗ್ಗಿ ನೋಡಿದರು. "ನೋಡಿದೆ ಸಾರ್. ಅದೇ," ಎಂದರು. "ನನಗೆ ಬೇರೆ ಏನೂ ಗೊತ್ತಾಗಲ್ಲ. ಇದೊಂದು ಗೊತ್ತಾಗುತ್ತೆ."

ಅಮ್ಮ ಡಾಕ್ಟರಮ್ಮನ ಮುಂದೆ ಬಂದು ನಿಂತಳು. "ಹೊಗೆ ಇದೆಯಾ ತಾಯಿ, ಒಳಗೆ?"

"ಇಲ್ಲಮ್ಮ. ಇವರು ಸೇದ್ತಿರಲಿಲ್ಲ. ಸೇದೋರ ಎದೆ ಹೀಗಿರಲ್ಲ."

"ಅದನ್ನ ಬರೀರಿ," ಎಂದಳು ಅಮ್ಮ. ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಗಂಡನಿಗಾಗಿ ಅವಳು ಜೋರಾಗಿ ಅತ್ತದ್ದು ಆಗಲೇ.

ಮ್ಯಾನೇಜರ್ ದೂರು ವಾಪಸು ತೆಗೆದುಕೊಳ್ಳುತ್ತೇನೆಂದರು. ಐವತ್ತು ಗ್ರಾಂ ಹತ್ತಿ ಒಂದು ದೊಡ್ಡ ವಿಷಯವೇ ಅಲ್ಲ ಎಂದರು, ಸತ್ತವರಿಗೆ ಗಿರಣಿಯ ಕಾಣಿಕೆ ಎಂದುಕೊಳ್ಳೋಣ ಎಂದರು. ಸಬ್ ಇನ್ಸ್‌ಪೆಕ್ಟರ್ ತಾವು ಬರೆದದ್ದನ್ನು ಮೊದಲಿಂದ ಓದಿ ನೋಡಿ, ಒಂದು ಥರದ ವಿಷಾದದಿಂದ ತಲೆಯಾಡಿಸಿದರು. "ದೂರು ನಿಮ್ಮದು, ಸಾಕ್ಷಿ ನಿಮ್ಮೋರು, ಸಹಿ ನಿಮ್ಮದು. ನಾನು ಏನು ಮಾಡಲಿ ಸಾರ್, ನೀವೇ ಬರ್ಕೊಳ್ಳಿ ಬರ್ಕೊಳ್ಳಿ ಅಂದ್ರಿ."

ಮರುದಿನ ಅಪ್ಪನನ್ನು ಸ್ಮಶಾನಕ್ಕೆ ಕಳಿಸಿದರು. ಎದೆಯ ಹೊಲಿಗೆ ಕಾಣದಂತೆ ದರ್ಜಿ ಅಂಗಿಗೆ ಎರಡು ಗುಂಡಿ ಹೆಚ್ಚಿಗೆ ಹಚ್ಚಿಕೊಟ್ಟ. ಹಣ ಕೇಳಲಿಲ್ಲ.

ಬುಧವಾರ ಶರ್ಟಿನ ಕಂಪನಿಯ ಪ್ರತಿನಿಧಿ ಬಂದ. ಬೇರೆ ದಾರಿ ಇರಲಿಲ್ಲ. ಆ ಒಂಬತ್ತು ಗ್ರಾಂ ಹತ್ತಿಯನ್ನೇ ತೊಳೆದು, ಒಣಗಿಸಿ, ಬಾಚಿ, ಹೊಸ ನೀಲಿ ಕಾಗದದಲ್ಲಿಟ್ಟು ತೋರಿಸಿದರು. ಅವನು ಅದನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಉಸಿರು ಎಳೆದು, ಇಂಥ ಮೃದುತ್ವವನ್ನು ತಾನು ಕಂಡಿಲ್ಲ ಎಂದನಂತೆ. ಗಿರಣಿಗೆ ಆರ್ಡರು ಸಿಕ್ಕಿತು. ಮೇಷ್ಟ್ರನ್ನು ಗೋದಾಮಿನ ಕಾವಲಿಗೆ ಹಾಕಿದರು. ಉಳಿದ ನಲವತ್ತೊಂದು ಗ್ರಾಂ ಕದ್ದದ್ದಕ್ಕೆ ಚೀಟಿಯಣ್ಣನನ್ನು ಕೆಲಸದಿಂದ ತೆಗೆದರು. ಅದು ಅಪ್ಪನ ಒಳಗಿಲ್ಲ ಎಂದು ಈಗ ಸರ್ಕಾರವೇ ಬರೆದುಕೊಟ್ಟಿತ್ತಲ್ಲ. ಬೀದಿಯವರು ಅವನನ್ನು ಕಂಡರೆ ಮುಖ ತಪ್ಪಿಸುತ್ತಿದ್ದರು. ಅಮ್ಮ ಆಸ್ಪತ್ರೆಯ ಕಾಗದವನ್ನು ಅವನಿಂದ ಒಂದೇ ಸಲ ಓದಿಸಿದಳು. ಮರಣಕ್ಕೆ ಕಾರಣ, ದೀರ್ಘಕಾಲ ಹತ್ತಿಯ ದೂಳು ಸೇವನೆ. "ಸಾಕು," ಎಂದು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ಮುಂದಿನ ಭಾನುವಾರ ಚೀಟಿಯಣ್ಣ ಜಗುಲಿಯ ಮೇಲೆ ಕೂತಿದ್ದ. ಎದುರುಮನೆಯ ದೊಡ್ಡಪ್ಪ ಬೀದಿ ದಾಟಿ ಬರುವುದಕ್ಕೆ ಐದು ನಿಮಿಷ ತೆಗೆದುಕೊಂಡರು. ಪಕ್ಕದಲ್ಲಿ ಕೂತು ಉಸಿರು ಹಿಡಿಯುವುದಕ್ಕೆ ಇನ್ನೈದು.

"ಬಿಡುವಾಗಿದ್ದೀಯೇನಪ್ಪ?"

"ಬಿಡುವು ಬಿಟ್ರೆ ನನ್ನ ಹತ್ರ ಇನ್ನೇನಿದೆ ದೊಡ್ಡಪ್ಪ."

"ನಿನ್ನಿಂದ ಒಂದು ಉಪಕಾರ ಆಗಬೇಕು." ದೊಡ್ಡಪ್ಪ ಸುತ್ತ ನೋಡಿ ದನಿ ತಗ್ಗಿಸಿದರು. "ನನಗೂ ಧೂಮಪಾನ ಅಂತಲೇ ಬರೆದಿದ್ದಾರೆ. ಮನೇಲಿ ನಿಮ್ಮ ದೊಡ್ಡಮ್ಮ ದಿನಾ ಅಳ್ತಾಳೆ. ಇನ್ನೇನು, ಎರಡು ಮೂರು ತಿಂಗಳು. ನಾನು ಹೋದ ದಿನ ನೀನು ಗಿರಣಿಗೆ ಹೋಗಿ, ಈ ಮುದುಕ ನಿಮ್ಮ ಹತ್ತಿ ನುಂಗಿ ಸತ್ತಿದ್ದಾನೆ ಅಂತ ಹೇಳು. ಕಳ್ಳ ಅನ್ನು, ಪರವಾಗಿಲ್ಲ. ನಲವತ್ತು ವರ್ಷದಲ್ಲಿ ಒಂದು ಎಳೆ ಮನೆಗೆ ತಂದಿಲ್ಲ ನಾನು. ಆದ್ರೂ ಅನ್ನು."

ಚೀಟಿಯಣ್ಣ ಯೋಚನೆ ಮಾಡಿದ. "ಅವರು ಇನ್ನು ದೂರು ಕೊಡಲ್ಲ ದೊಡ್ಡಪ್ಪ. ಗಿರಣಿಯನ್ನೇ ಹೊತ್ತುಕೊಂಡು ಹೋದ್ರೂ ಕೊಡಲ್ಲ. ಬುದ್ಧಿ ಕಲಿತಿದ್ದಾರೆ."

"ಹಾಗಾದ್ರೆ ನೇರ ಪೊಲೀಸರ ಹತ್ರ ಹೋಗು. ಅವರು ತೆರೆಯೋ ಹಾಗೆ ಏನಾದ್ರೂ ಹೇಳು. ಹೇಳೋದ್ರಲ್ಲಿ ನೀನು ಜಾಣ."

"ಕೊಲೆ ಅಂದ್ರೆ ಖಂಡಿತ ತೆರೀತಾರೆ."

"ಕೊಲೆ ಅಂತಲೇ ಹೇಳು."

"ಯಾರು ಕೊಂದ್ರು ಅಂತ ಕೇಳ್ತಾರಲ್ಲ ದೊಡ್ಡಪ್ಪ."

ದೊಡ್ಡಪ್ಪನಿಗೆ ಕೆಮ್ಮು ಬಂತು. ಮುಗಿಯುವ ತನಕ ಇಬ್ಬರೂ ಕಾದರು.

"ಅದು ತೆರೆದ ಮೇಲೆ ಅವರಿಗೇ ಗೊತ್ತಾಗುತ್ತೆ," ಎಂದರು ದೊಡ್ಡಪ್ಪ.

ಆಯಿತು, ಹಾಗೇ ಹೇಳ್ತೀನಿ ಎಂದು ಚೀಟಿಯಣ್ಣ ಒಪ್ಪಿಕೊಂಡ.